ಗುಲಗಂಜಿಯಷ್ಟು ಅಂತರ

ತಿರುಮಕೂಡಲು ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆ. ಕಾವೇರಿ, ಕಪಿಲೆ ಮತ್ತು ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಕೂಡುವ ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಊರವರ ನಂಬಿಕೆ. ಒಂದು ಗುಲಗಂಜಿ ಎಂದರೆ ಎಷ್ಟು ಮಹಾ! ಅಕ್ಕಸಾಲಿಗನ ತಕ್ಕಡಿಗೆ ಮಾತ್ರ ತಿಳಿಯುವ ಭಾರ. ಆದರೆ ಈ ಸೀಮೆಯ ಹಳೆಯ ಕ್ರಿಕೆಟ್ ಅಭಿಮಾನಿಯನ್ನು ಕೇಳಿ ನೋಡಿ, ಆ ತೂಕದ ಬೆಲೆ ಅವನಿಗೆ ಗೊತ್ತು. ಅವನ ಲೆಕ್ಕದಲ್ಲಿ ಅದು ಆರು ರನ್.

ಸಂಗಮದಿಂದ ಕಪಿಲೆಯ ಗುಂಟ ಮೇಲಕ್ಕೆ ಹೋದರೆ ಸುತ್ತೂರು, ಅದರಾಚೆ ನಂಜನಗೂಡು. ಶ್ರೀಕಂಠೇಶ್ವರನ ತೇರು, ರಸಬಾಳೆ, ಹಲ್ಲುಪುಡಿಗಳಿಂದ ಹೆಸರಾದ ಊರು. ರಣಜಿ ಪಂದ್ಯ ನಡೆಯುವಂಥ ಮೈದಾನ ಇಲ್ಲೂ ಇಲ್ಲ, ನರಸೀಪುರದಲ್ಲೂ ಇಲ್ಲ. ತಂಡವನ್ನು ಕಣ್ಣಾರೆ ಕಾಣಬೇಕಾದರೆ ಮೈಸೂರಿನ ಬಸ್ಸು ಹತ್ತಬೇಕು, ಇಲ್ಲವೇ ಬೆಂಗಳೂರಿನವರೆಗೂ ಹೋಗಬೇಕು. ಹೀಗಾಗಿ ಇಲ್ಲಿಯ ಅಭಿಮಾನ ಬಹುಕಾಲ ಕಿವಿಯ ಅಭಿಮಾನವೇ ಆಗಿತ್ತು. ಮೈಸೂರು ರಾಜ್ಯ ಕರ್ನಾಟಕವಾದ ಋತುವಿನಲ್ಲೇ, 1974ರಲ್ಲಿ, ಪ್ರಸನ್ನ ಅವರ ನಾಯಕತ್ವದ ತಂಡ ಸೆಮಿಫೈನಲ್‌ನಲ್ಲಿ ಬೊಂಬಾಯಿಯ ಹದಿನೈದು ವರ್ಷಗಳ ಓಟವನ್ನು ತಡೆದು ಮೊದಲ ಸಲ ರಣಜಿ ಟ್ರೋಫಿ ಗೆದ್ದಿತು. ಆಗ ರೇಡಿಯೋಗೆ ಕಿವಿಗೊಟ್ಟವರು ವಿಶ್ವನಾಥ್, ಚಂದ್ರಶೇಖರ್ ಹೆಸರುಗಳನ್ನು ಮಕ್ಕಳಿಗೆ ಹೇಳಿಕೊಟ್ಟರು. ಆ ಮಕ್ಕಳ ಕಾಲಕ್ಕೆ ಮೈಸೂರಿನ ಹುಡುಗ ಜಾವಗಲ್ ಶ್ರೀನಾಥ್ ಬಂದರು. ನಂಟು ಗಟ್ಟಿಯಾಯಿತು.

ಕಣ್ಣಿನ ಭಾಗ್ಯ ದೊರೆತದ್ದು 2010ರ ಜನವರಿಯಲ್ಲಿ. ರಣಜಿ ಫೈನಲ್ ಮೈಸೂರಿನ ಗಂಗೋತ್ರಿ ಗ್ಲೇಡ್ಸ್‌ಗೆ ಬಂತು. ಎದುರಾಳಿ ಮತ್ತದೇ ಮುಂಬೈ. ನಂಜನಗೂಡಿನಿಂದ ಮೈಸೂರಿಗೆ 23 ಕಿಲೋಮೀಟರ್, ನರಸೀಪುರದಿಂದ ಸುಮಾರು ಒಂದು ಗಂಟೆಯ ದಾರಿ. ಮೊದಲ ಇನಿಂಗ್ಸ್‌ನಲ್ಲಿ ಕರ್ನಾಟಕ ಬರೀ 130ಕ್ಕೆ ಉರುಳಿತ್ತು. ಗೆಲ್ಲಲು 338 ಬೇಕು ಎಂದಾಗ ಆಸೆ ಬಿಟ್ಟವರೇ ಹೆಚ್ಚು. ಮನೀಷ್ ಪಾಂಡೆ ಮಾತ್ರ ಬಿಡಲಿಲ್ಲ. 144 ರನ್! ಗಣೇಶ್ ಸತೀಶ್ ಜೊತೆಗೂಡಿ ಗೆಲುವನ್ನು ಕೈಗೆಟುಕುವಷ್ಟು ಹತ್ತಿರ ತಂದರು. ಜನವರಿ 14, ಸಂಕ್ರಾಂತಿ. ಮನೆಯಲ್ಲಿ ಎಳ್ಳುಬೆಲ್ಲ ಬೀರುವ ಹೊತ್ತಿಗೆ ಮೈದಾನ ತುಂಬಿ, ಸುತ್ತಲಿನ ಮರಗಳ ಕೊಂಬೆಗಳೂ ತುಂಬಿದ್ದವು. ಅಗರ್ಕರ್ ಐದು ವಿಕೆಟ್ ಕಿತ್ತರು. ಕರ್ನಾಟಕ 331ಕ್ಕೆ ಆಲೌಟ್. ಸೋಲು ಆರು ರನ್ನಿನಿಂದ. ಹಬ್ಬದ ಸಂಜೆ ಬರಿಗೈಲಿ ಬಸ್ಸು ಹತ್ತಿದವರ ಬಾಯಲ್ಲಿ ಎಳ್ಳು ಕಹಿಯಾಗಿದ್ದಿರಲಿಕ್ಕೂ ಸಾಕು.

ಅದಕ್ಕೆ ಎಂಟು ತಿಂಗಳ ಮುಂಚೆ ಇನ್ನೊಂದು ಆರು ರನ್ ಕಾಡಿತ್ತು. 2009ರ ಮೇ 24ರಂದು, ದೂರದ ಜೋಹಾನ್ಸ್‌ಬರ್ಗ್‌ನಲ್ಲಿ ಐಪಿಎಲ್ ಫೈನಲ್. ಅನಿಲ್ ಕುಂಬ್ಳೆ 16 ರನ್ ಕೊಟ್ಟು ನಾಲ್ಕು ವಿಕೆಟ್ ಪಡೆದರೂ ಬೆಂಗಳೂರು ತಂಡ ಡೆಕ್ಕನ್ ಚಾರ್ಜರ್ಸ್‌ಗೆ ಆರು ರನ್ನಿನಿಂದ ಸೋತಿತು. ಹರಾಜಿನಲ್ಲಿ ಕೊಂಡ ಆಟಗಾರರ ತಂಡಕ್ಕೆ ಇಷ್ಟೊಂದು ಪ್ರೀತಿ ಯಾಕೆ ಎಂದು ರಣಜಿ ಕಾಲದ ಹಿರಿಯರು ಹುಬ್ಬೇರಿಸುವುದುಂಟು. ಅವರ ಮಾತಿನಲ್ಲಿ ಹುರುಳಿಲ್ಲವೆನ್ನಲಾಗದು. ಎಷ್ಟೋ ಪಂದ್ಯಗಳಲ್ಲಿ ಕನ್ನಡದ ಆಟಗಾರರನ್ನು ಹುಡುಕಬೇಕಾಗುತ್ತಿತ್ತು. ಆದರೂ ಒಲಿದ ಮನಸ್ಸಿಗೆ ಲೆಕ್ಕ ಹೇಳುವವರು ಯಾರು? 2011ರಲ್ಲಿ ಸೋಲು, 2016ರಲ್ಲಿ ತವರಿನಲ್ಲೇ ಎಂಟು ರನ್ನಿನ ಸೋಲು. 2017ರಲ್ಲಂತೂ 49ಕ್ಕೆ ಆಲೌಟ್! ‘ಈ ಸಲ ಕಪ್ ನಮ್ದೇ’ ಎಂಬ ಮಾತು ಪಕ್ಕದ ರಾಜ್ಯದವರಿಗೆ ನಗೆಹನಿಯಾಯಿತು. ಇಲ್ಲಿಯವರು ಅದನ್ನು ಹರಕೆಯಂತೆ ಹೇಳುತ್ತಲೇ ಬಂದರು. 2024ರಲ್ಲಿ ಹೆಣ್ಣುಮಕ್ಕಳ ತಂಡ ಮೊದಲು ಕಪ್ ತಂದಿತು.

2025ರ ಜೂನ್ 3ರ ರಾತ್ರಿ ಗಂಡಸರ ಸರದಿ. ಅಹಮದಾಬಾದಿನಲ್ಲಿ ಬೆಂಗಳೂರು 190, ಪಂಜಾಬ್ 184. ಅಂತರ ಎಷ್ಟು? ಅದೇ ಆರು! ಹದಿನೆಂಟು ವರ್ಷ ಆ ಕಡೆ ವಾಲಿದ್ದ ತಕ್ಕಡಿ ಈ ಕಡೆ ಇಳಿಯಿತು.

ಸಂತೋಷ ಇಪ್ಪತ್ತನಾಲ್ಕು ಗಂಟೆಯೂ ಬಾಳಲಿಲ್ಲ. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತವಾಗಿ 11 ಜನ ಸತ್ತರು. ಬಹುತೇಕ ಎಳೆಯ ವಯಸ್ಸಿನವರು, ತಂಡವನ್ನು ಒಮ್ಮೆ ಕಣ್ಣಾರೆ ನೋಡಲು ಬಂದವರು. 2010ರಲ್ಲಿ ಮರದ ಕೊಂಬೆ ಹಿಡಿದು ಕೂತವರಿಗೂ ಇದ್ದದ್ದು ಇದೇ ಆಸೆ. ಆರು ರನ್ನಿಗೆ ಇಷ್ಟು ತೆರಬೇಕಿತ್ತೇ ಎಂಬ ಪ್ರಶ್ನೆಗೆ ಯಾವ ಸ್ಕೋರು ಹಲಗೆಯಲ್ಲೂ ಉತ್ತರವಿಲ್ಲ.

ನರಸೀಪುರದ ಸಂಗಮಕ್ಕೆ ಅಸ್ಥಿ ಬಿಡಲು ಬರುವವರು ಬರುತ್ತಲೇ ಇರುತ್ತಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ಅವರಿಂದ ತುಸು ದೂರದಲ್ಲಿ ಹುಡುಗರು ವಿಕೆಟ್ ನೆಡುತ್ತಾರೆ. ಕೆಲವರ ಬೆನ್ನ ಮೇಲೆ ಕೆಂಪು ಅಂಗಿ, ಹದಿನೆಂಟರ ಸಂಖ್ಯೆ. ಅವರ ಆಟದಲ್ಲಿ ಚೆಂಡು ನೇರ ನೀರಿಗೆ ಬಿದ್ದರೆ ಸಿಕ್ಸರ್ ಅಲ್ಲ, ಔಟು. ಹೊಡೆದವನೇ ಇಳಿದು ತರಬೇಕು.