ನಕ್ಷೆಯಲ್ಲಿ ನಮ್ಮ ಬಾಲ್ಕನಿ

ದಿಲ್ಲಿಗೆ ಬಂದು ನೆಲೆಸಿದ ಕನ್ನಡಿಗರಿಗೆ ಎರಡು ಚಿಂತೆಗಳು ತಪ್ಪಿದ್ದಲ್ಲ. ಮಕ್ಕಳಿಗೆ ಕನ್ನಡ ಬರುತ್ತದೋ ಇಲ್ಲವೋ ಎಂಬುದೊಂದು. ದೀಪಾವಳಿ ಕಳೆದ ಮೇಲೆ ಉಸಿರಾಡುವುದು ಹೇಗೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸಂಘದ ಕನ್ನಡ ತರಗತಿ ಇದೆ. ಎರಡನೆಯದಕ್ಕಾಗಿ ನಾವು ಮಾಡಿದ ಸಣ್ಣ ಸಾಹಸದ ಕಥೆ ಇದು.

2024ರ ನವೆಂಬರಿನಲ್ಲಿ ತೀರ್ಥಹಳ್ಳಿಯ ಕಡೆಯಿಂದ ಅಮ್ಮ ಬಂದರು. ಮೂರನೆಯ ದಿನಕ್ಕೇ ಕೆಮ್ಮು, ಹತ್ತನೆಯ ದಿನಕ್ಕೆ ಉಬ್ಬಸ. "ಗಾಳಿ ಕೆಟ್ಟಿರುವಾಗ ಹೊರಗೆ ಬಿಡಬೇಡಿ, ಕಿಟಕಿ ತೆರೆಯಬೇಡಿ" ಎಂದರು ಡಾಕ್ಟರು. ಅದು ಯಾವಾಗ ಕೆಟ್ಟಿರುತ್ತದೆಂದು ತಿಳಿಯುವುದು ಹೇಗೆ? ಸರ್ಕಾರದ ಮಾಪನ ಕೇಂದ್ರ ನಮ್ಮ ಕಾಲೋನಿಯಿಂದ ಐದು ಕಿಲೋಮೀಟರು ದೂರ. ಅದು ಹೇಳುವುದು ಅಲ್ಲಿಯ ಗಾಳಿಯ ಮಾತು. ಅಮ್ಮ ಉಸಿರಾಡುವುದು ನಮ್ಮ ಎರಡನೆಯ ಮಹಡಿಯ ಗಾಳಿ.

ದಾರಿ ತೋರಿಸಿದವನು ಹನ್ನೊಂದನೆಯ ತರಗತಿಯಲ್ಲಿರುವ ನಮ್ಮ ಮಗ. ಜರ್ಮನಿಯ ಸ್ಟುಟ್‌ಗಾರ್ಟ್ ನಗರ ಗುಡ್ಡಗಳ ನಡುವೆ ಬಾಣಲೆಯಂತೆ ಕುಳಿತಿದೆ. ವಾಹನಗಳ ಹೊಗೆ ಅಲ್ಲೇ ತಂಗುತ್ತದೆ. 2015ರಲ್ಲಿ ಅಲ್ಲಿಯ ಕೆಲವು ಉತ್ಸಾಹಿಗಳು, ನಮ್ಮ ಬೀದಿಯ ಗಾಳಿಯನ್ನು ನಾವೇ ಅಳೆಯೋಣ ಎಂದು ಹೊರಟರು. ಆಗ 'ಲುಫ್ಟ್‌ಡಾಟನ್' ಎಂದಿದ್ದ ಆ ಯೋಜನೆ ಈಗ 'ಸೆನ್ಸರ್ ಕಮ್ಯುನಿಟಿ' ಎಂಬ ಹೆಸರಿನಲ್ಲಿ ಅನೇಕ ದೇಶಗಳಿಗೆ ಹಬ್ಬಿದೆ. ಯಂತ್ರವನ್ನು ನಡೆಸುವ ಪ್ರೋಗ್ರಾಮು ಓಪನ್ ಸೋರ್ಸ್, ಎಂದರೆ ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಅಳತೆಗಳೂ ಹಾಗೆಯೇ: ಜಗತ್ತಿನ ನಕ್ಷೆಯ ಮೇಲೆ ಬಣ್ಣದ ಷಟ್ಕೋನಗಳಾಗಿ ಎಲ್ಲರಿಗೂ ಕಾಣುತ್ತವೆ, ಹಳೆಯ ಲೆಕ್ಕವನ್ನೆಲ್ಲ ದಿನದಿನದ ಪಟ್ಟಿಯಾಗಿ ಇಳಿಸಿಕೊಳ್ಳಬಹುದು.

ಬಿಡಿಭಾಗಗಳಿಗೆ ನಾಲ್ಕು ಸಾವಿರ ರೂಪಾಯಿಯೊಳಗೆ ಖರ್ಚಾಯಿತು. ಯಂತ್ರದ ಮನೆ ಎಂದರೆ ಪ್ಲಂಬಿಂಗ್ ಅಂಗಡಿಯ ಎರಡು ಪಿವಿಸಿ ಬೆಂಡುಗಳು. ಒಳಗೊಂದು ಪುಟ್ಟ ಫ್ಯಾನು ಗಾಳಿಯನ್ನೆಳೆಯುತ್ತದೆ. ಲೇಸರ್ ಕಿರಣ ಆ ಗಾಳಿಯ ಮೇಲೆ ಬೀಳುತ್ತದೆ. ಕಣಗಳಿಂದ ಚದುರಿದ ಬೆಳಕನ್ನು ಅಳೆದು ಧೂಳಿನ ಲೆಕ್ಕ ಕಟ್ಟುತ್ತದೆ. ನಮ್ಮ ಬಿ.ಎಸ್ಸಿ. ಭೌತಶಾಸ್ತ್ರ ಕಚೇರಿಯ ಫೈಲುಗಳ ಅಡಿಯಲ್ಲಿ ಎಂದೋ ಹೂತುಹೋಗಿತ್ತು. ಆದರೆ ಅಮ್ಮನಿಗೆ ವಿವರಿಸುವುದು ಕಷ್ಟವಾಗಲಿಲ್ಲ. "ಊರ ಮನೆಯ ಗಾಜಿನ ಹಂಚಿನಿಂದ ಬಿಸಿಲುಕೋಲು ಇಳಿದಾಗ ಧೂಳು ಕುಣಿಯುತ್ತಿತ್ತಲ್ಲ, ಅದೇ" ಎಂದೆವು. "ಅದನ್ನ ಎಣಿಸೋಕೆ ದುಡ್ಡು ಕೊಟ್ರಾ ಮಾರಾಯ?" ಎಂದರು ಅಮ್ಮ.

ಸುಮಾರು ಎರಡೂವರೆ ನಿಮಿಷಕ್ಕೊಮ್ಮೆ ಅಂಕಿ ಹೋಗತೊಡಗಿತು. ನಮ್ಮ ದೇಶದ ನಿಯಮದ ಪ್ರಕಾರ 2.5 ಮೈಕ್ರಾನಿನ ಸೂಕ್ಷ್ಮ ಧೂಳು ದಿನದ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ 15. ನಮ್ಮ ಬಾಲ್ಕನಿಯಲ್ಲಿ 200! ಅದಿರಲಿ, ರಾತ್ರಿ ಹತ್ತೂವರೆಯ ಹೊತ್ತಿಗೆ ಅದು ದಿಢೀರನೆ 400 ದಾಟುತ್ತಿತ್ತು. ಸರ್ಕಾರಿ ಕೇಂದ್ರದ ಗೆರೆಯಲ್ಲಿ ಆ ನೆಗೆತ ಇರಲಿಲ್ಲ.

ಬಾಲ್ಕನಿಯಿಂದ ಬಗ್ಗಿ ನೋಡಿದೆವು. ಕೆಳಗೆ ಗೇಟಿನ ಪಕ್ಕದಲ್ಲಿ, ಮಕ್ಕಳೆಲ್ಲ ಚಾಚಾ ಎಂದು ಕರೆಯುವ ಮುದಿ ಚೌಕೀದಾರ ಬೆಂಕಿ ಕಾಯಿಸುತ್ತಿದ್ದ. ಉರಿಯುತ್ತಿದ್ದುದು ಮುರಿದ ಪೆಟ್ಟಿಗೆ, ಒಣ ಎಲೆ, ಪ್ಲಾಸ್ಟಿಕ್ ಚೀಲ. ಗದರಿಸಲೆಂದೇ ಇಳಿದು ಹೋದೆವು. ಮೈಮೇಲೆ ತೆಳುವಾದ ಒಂದು ಶಾಲು ಬಿಟ್ಟರೆ ಅವನಿಗೆ ಬೇರೆ ಆಸರೆಯಿರಲಿಲ್ಲ. ಬಂದ ಮಾತು ಬಾಯಲ್ಲೇ ಉಳಿಯಿತು.

ಅವನ ಮೇಲೆ ತಪ್ಪು ಹೊರಿಸುವ ಮೊದಲು ಲೆಕ್ಕ ಸರಿಯಿರಬೇಕಲ್ಲವೆ? ಈ ಅಗ್ಗದ ಯಂತ್ರಕ್ಕೆ ಒಂದು ದೋಷವಿದೆ. ತೇವ ಹೆಚ್ಚಾದರೆ ಕಣಗಳು ನೀರು ಕುಡಿದು ಊದಿಕೊಳ್ಳುತ್ತವೆ. ಮಂಜಿನ ಹನಿಯನ್ನೂ ಅದು ಧೂಳೆಂದೇ ಎಣಿಸುತ್ತದೆ. ದಟ್ಟ ಮಂಜಿನ ಒಂದು ಬೆಳಗ್ಗೆ, ಬೆಂಕಿಯೇ ಇಲ್ಲದೆ, 999 ತೋರಿಸಿತು! ಹೀಗಾಗಿ ಎರಡು ವಾರ ಬೆಂಕಿ ಹೊತ್ತಿಸಿದ ಹೊತ್ತನ್ನು ಡೈರಿಯಲ್ಲಿ ಬರೆದಿಟ್ಟೆವು. ಮಗ ಅಂಕಿಗಳನ್ನು ಇಳಿಸಿಕೊಂಡು ಪಕ್ಕದಲ್ಲಿಟ್ಟು ಗೆರೆ ಎಳೆದ. ತೇವ ನಿಧಾನವಾಗಿ ಏರುತ್ತದೆ. ಬೆಂಕಿ ಹೊತ್ತಿದ ಹತ್ತು ನಿಮಿಷದಲ್ಲಿ ಅಂಕಿ ಇಮ್ಮಡಿಯಾದರೆ ಅದು ಹೊಗೆಯೇ.

ಗೆರೆ ಎಳೆದ ಕಾಗದ ಹಿಡಿದು ಕಾಲೋನಿಯ ಸಮಿತಿಗೆ ಹೋದೆವು. ಒಬ್ಬರು, "ಚೌಕೀದಾರನನ್ನು ಬದಲಾಯಿಸೋಣ" ಎಂದರು. ಇನ್ನೊಬ್ಬರಿಗೆ ಬೇರೆಯೇ ಕೋಪ: "ನಕ್ಷೆಯಲ್ಲಿ ನಮ್ಮ ಕಾಲೋನಿಗೆ ಕೆಂಪು ಬಣ್ಣ ಬಳಿದಿದ್ದೀರಿ. ಮನೆ ಕೊಳ್ಳುವವರು ಬರುತ್ತಾರೆಯೆ?" ಯಂತ್ರವನ್ನು ತೆಗೆದುಬಿಡೋಣವೇ ಎಂದು ಆ ರಾತ್ರಿ ನಾವೂ ಯೋಚಿಸಿದೆವು. ಗುಮಾಸ್ತರಿಗೆ ಜಗಳದ ಭಯ ಹೆಚ್ಚು. ಅಮ್ಮ ಹೇಳಿದರು: "ನಾನು ಒಲೆ ಹೊಗೆಯಲ್ಲೇ ಬೆಂದವಳು. ಚಳಿಗೆ ಬೆಂಕಿ ಹಾಕ್ಕೊಂಡವನದು ತಪ್ಪಲ್ಲ. ಅವನಿಗೆ ಬಿಸಿ ಕೊಡಿ, ಬೆಂಕಿ ತಾನೇ ಆರುತ್ತೆ."

ಮರುವಾರದ ಸಭೆಯಲ್ಲಿ ಅದೇ ಮಾತನ್ನು ಹಿಂದಿಯಲ್ಲಿ ಹೇಳಿದೆವು. ಮನೆಗೆ ಐವತ್ತು ರೂಪಾಯಿಯಂತೆ ಕೂಡಿಸಿ, ಗೇಟಿನ ಕೋಣೆಗೆ ವಿದ್ಯುತ್ ಹೀಟರು, ಚಾಚಾನಿಗೊಂದು ಕಂಬಳಿ ಬಂತು. ರಾತ್ರಿಯ ನೆಗೆತ ನಿಂತಿತು. ಹಾಗೆಂದು ದಿಲ್ಲಿಯ ಗಾಳಿ ಶುದ್ಧವಾಯಿತೆಂದು ಓದುಗರು ತಿಳಿಯಬಾರದು. ನಮ್ಮ ಅಂಕಿ ಆಮೇಲೂ 180ರ ಆಸುಪಾಸಿನಲ್ಲೇ ಇತ್ತು. ವಾಹನ, ಕಾರ್ಖಾನೆ, ಹೊಲದ ಕೂಳೆಯ ಬೆಂಕಿ, ಇವು ನಮ್ಮ ಸಮಿತಿಯ ಸಭೆಯಲ್ಲಿ ತೀರುವಂಥವಲ್ಲ. ಜನವರಿಯಲ್ಲಿ ಅಮ್ಮನನ್ನು ಊರಿಗೆ ಕಳಿಸಿಕೊಟ್ಟೆವು. ಅಲ್ಲಿ ಹೋದ ಹದಿನೈದು ದಿನಕ್ಕೆ ಉಬ್ಬಸ ಇಳಿಯಿತು.

ಷಟ್ಕೋನ ಈಗಲೂ ನಕ್ಷೆಯಲ್ಲಿದೆ. ಬೆಳಿಗ್ಗೆ ಕಚೇರಿಗೆ ಹೊರಟಾಗ ಚಾಚಾ ಗೇಟು ತೆರೆಯುತ್ತ ಕೇಳುತ್ತಾನೆ: "ಬಾಬೂಜಿ, ಆಜ್ ಕಿತನಾ?" ನಾವು ಅಂಕಿ ಹೇಳುತ್ತೇವೆ. ಅವನು ಶಾಲನ್ನು ಮೂಗಿನ ಮೇಲೆ ಎಳೆದುಕೊಳ್ಳುತ್ತಾನೆ.