ಸದ್ದಿನ ಕವಾಟ

ಮನುಷ್ಯನು ಹಣ ಕೊಟ್ಟು ತರುವ ವಸ್ತುಗಳಲ್ಲಿ ಕೆಲವು ಅವನ ಮನೆಯೊಳಗೇ ಉಳಿಯುತ್ತವೆ. ಕೆಲವು ಬೇಲಿಯನ್ನು ದಾಟಿ ನೆರೆಮನೆಯನ್ನೂ ಹೊಗುತ್ತವೆ. ಉಡುವ ಬಟ್ಟೆ, ಉಣ್ಣುವ ತಟ್ಟೆ, ಪೆಟ್ಟಿಗೆಯಲ್ಲಿಟ್ಟ ಚಿನ್ನ ಇವೆಲ್ಲ ಮೊದಲ ಬಗೆಯವು. ಸದ್ದು ಎರಡನೆಯ ಬಗೆಯದು. ಕೊಳ್ಳುವವನು ಒಬ್ಬ, ಕೇಳಬೇಕಾದವರು ಹಲವರು. ಅಮೆರಿಕೆಯಲ್ಲಿ ವೇಗದ ಕಾರುಗಳ ಒಡೆಯರು ಪ್ರತ್ಯೇಕವಾಗಿ ಕೊಂಡು ಜೋಡಿಸಿಕೊಳ್ಳುವ ಕವಾಟವುಳ್ಳ ಹೊಗೆಕೊಳವೆಯು ಇದಕ್ಕೆ ತಕ್ಕ ನಿದರ್ಶನ. ಹೊರನೋಟಕ್ಕೆ ಅದೊಂದು ಯಂತ್ರಭಾಗ ಮಾತ್ರ. ಆದರೆ ಅದರ ಒಳಗೆ ನೀತಿಯ ಪ್ರಶ್ನೆಯೊಂದು ಅಡಗಿದೆ.

ಫೋರ್ಡ್ ಸಂಸ್ಥೆಯ ಮಸ್ಟಾಂಗ್ ಜಿಟಿ ಕಾರನ್ನೇ ತೆಗೆದುಕೊಳ್ಳಬಹುದು. ಅಮೆರಿಕೆಯಲ್ಲಿ 2015ರಿಂದ 2017ರವರೆಗೆ ಬಂದ ಮಾದರಿಯಲ್ಲಿ 5 ಲೀಟರಿನ, ಎಂಟು ಸಿಲಿಂಡರುಗಳ, 435 ಅಶ್ವಶಕ್ತಿಯ ಎಂಜಿನ್ ಇದೆ. ಅದು ನಿಮಿಷಕ್ಕೆ 2000 ಸುತ್ತು ಸುತ್ತುವಾಗ ಸೆಕೆಂಡಿಗೆ ಸುಮಾರು 133 ಬಾರಿ ಸಿಲಿಂಡರುಗಳಲ್ಲಿ ಇಂಧನ ಸಿಡಿಯುತ್ತದೆ. ಪ್ರತಿ ಸಿಡಿತದ ಅನಿಲವೂ ಒಂದು ಅಲೆಯಾಗಿ ಕೊಳವೆಯಲ್ಲಿ ನುಗ್ಗುತ್ತದೆ. ಆ ಅಲೆಗಳನ್ನು ಕೋಣೆಗಳಲ್ಲಿ ತಿರುಗಿಸಿ, ರಂಧ್ರಗಳ ಮೂಲಕ ಹಾಯಿಸಿ, ಒಂದರಿಂದ ಇನ್ನೊಂದು ಶಮನವಾಗುವಂತೆ ಮಾಡುವುದೇ ಸೈಲೆನ್ಸರಿನ ಕೆಲಸ.

ಕವಾಟವುಳ್ಳ ಕೊಳವೆಯಲ್ಲಿ ಅನಿಲಕ್ಕೆ ಎರಡು ದಾರಿಗಳಿವೆ. ಒಂದು ಸುತ್ತುಬಳಸಿನದು, ಶಮನಗೊಳಿಸುವ ಕೋಣೆಗಳ ಮೂಲಕ ಸಾಗುವುದು, ಇನ್ನೊಂದು ನೇರವಾದುದು. ನೇರದಾರಿಯ ನಡುವೆ ನಾಣ್ಯದಂಥ ದುಂಡು ತಗಡೊಂದು ತೆಳುವಾದ ಅಚ್ಚಿನ ಮೇಲೆ ತಿರುಗುತ್ತದೆ. ಅದು ಅಡ್ಡವಾದರೆ ದಾರಿ ಮುಚ್ಚಿ ಕಾರು ಸೌಮ್ಯವಾಗುತ್ತದೆ. ಉದ್ದವಾದರೆ ದಾರಿ ತೆರೆದು ಎಂಜಿನ್ ಗರ್ಜಿಸುತ್ತದೆ. ತಗಡನ್ನು ತಿರುಗಿಸುವುದು ಚಿಕ್ಕ ವಿದ್ಯುತ್ ಮೋಟಾರು, ಇಲ್ಲವೆ ಎಂಜಿನ್ನಿನ ನಿರ್ವಾತಬಲ. ಅಪ್ಪಣೆ ಕೊಡುವ ಗುಂಡಿ ಮಾತ್ರ ಚಾಲಕನ ಬೆರಳಿನ ಬಳಿ ಇರುತ್ತದೆ.

ಇದನ್ನು ಜೋಡಿಸುವ ಕೆಲಸ ತಾಳ್ಮೆಯನ್ನು ಬೇಡುತ್ತದೆ. ಕಾರನ್ನು ಸಮತಟ್ಟಾದ ನೆಲದಲ್ಲಿ ಭದ್ರವಾದ ಆಸರೆಗಳ ಮೇಲೆ ನಿಲ್ಲಿಸಬೇಕು. ಬರಿಯ ಜಾಕಿನ ಮೇಲೆ ನಂಬಿಕೆಯಿಟ್ಟು ಕೆಳಗೆ ನುಸುಳಬಾರದು. ಕೊಳವೆ ಪೂರ್ಣವಾಗಿ ತಣ್ಣಗಾಗುವವರೆಗೆ ಕಾಯಬೇಕು. ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಹಾಕಿ, ರಬ್ಬರಿನ ತೂಗುಪಟ್ಟಿಗಳಿಂದ ಹಳೆಯ ಕೊಳವೆಯನ್ನು ಬಿಡಿಸಬೇಕು. ಹೊಗೆಯ ವಿಷವನ್ನು ಶೋಧಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಮುಟ್ಟದೆ, ಅದರ ಹಿಂದಿನ ಭಾಗವನ್ನಷ್ಟೇ ಬದಲಾಯಿಸಬೇಕು. ಮೊದಲು ಎಲ್ಲ ಕೂಡುಗಳನ್ನೂ ಸಡಿಲವಾಗಿ ಸೇರಿಸಿ, ಕೊಳವೆ ಕಾರಿನ ಮೈಗಾಗಲಿ ಹಿಂದಿನ ಅಚ್ಚಿಗಾಗಲಿ ತಾಗದಂತೆ ಸರಿಪಡಿಸಿ, ಆಮೇಲೆ ಮುಂದಿನಿಂದ ಹಿಂದಕ್ಕೆ ಒಂದೊಂದಾಗಿ ಬಿಗಿಯಬೇಕು. ಮೋಟಾರಿನ ತಂತಿಯನ್ನು ಶಾಖದಿಂದ ದೂರವಿಟ್ಟು, ಫ್ಯೂಸಿನ ರಕ್ಷಣೆಯೊಡನೆ ಒಳಗೆ ತರಬೇಕು. ಮೊದಲ ಸಲ ಕಾದು ತಣಿದ ಮೇಲೆ ಬಿಗಿತವನ್ನು ಮತ್ತೊಮ್ಮೆ ನೋಡಬೇಕು. ಸಡಿಲವಾದ ಕೂಡಿನಿಂದ ಸೋರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾರಿನೊಳಗೆ ಸೇರಿದರೆ ಅದು ಪ್ರಾಣವನ್ನೇ ತೆಗೆಯಬಲ್ಲದು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ನಿರ್ವಾತಬಲದಿಂದ ಮುಚ್ಚುವ ಅನೇಕ ಜೋಡಣೆಗಳಲ್ಲಿ, ಬಲ ತಪ್ಪಿದೊಡನೆ ಸ್ಪ್ರಿಂಗು ಕವಾಟವನ್ನು ತೆರೆದುಬಿಡುತ್ತದೆ. ಎಂಜಿನ್ನಿಗೆ ಉಸಿರು ಕಟ್ಟದಿರಲೆಂದು ಹಾಗೆ ಮಾಡಿದ್ದಾರೆ. ಪರಿಣಾಮವೆಂದರೆ, ಸದ್ದು ತಾನಾಗಿಯೇ ಬರುತ್ತದೆ, ಮೌನವನ್ನು ಪ್ರಯತ್ನದಿಂದ ಕಾಯ್ದುಕೊಳ್ಳಬೇಕಾಗುತ್ತದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ಮಿಷಿಗನ್‌ನಂಥ ರಾಜ್ಯಗಳಲ್ಲಿ ತುಕ್ಕಿನಿಂದ ಕವಾಟದ ಅಚ್ಚು ಹಿಡಿದುಕೊಳ್ಳುವುದೂ ಉಂಟು. ತೆರೆದೇ ಹಿಡಿದುಕೊಂಡ ಕವಾಟವು ಕವಾಟವಿಲ್ಲದಿರುವುದಕ್ಕೆ ಸಮ. ಕೊಳ್ಳುವಾಗಲೇ ಬಲ ತಪ್ಪಿದರೆ ಅದು ಯಾವ ಕಡೆ ನಿಲ್ಲುತ್ತದೆಂದು ವಿಚಾರಿಸುವುದು, ಕೊಂಡ ಮೇಲೆ ಆಗಾಗ ಆಡಿಸಿ ನೋಡುವುದು ವಿವೇಕಿಯ ಲಕ್ಷಣ.

ಇಷ್ಟೆಲ್ಲ ಶ್ರಮದಿಂದ ದೊರೆಯುವ ಲಾಭವೇನು? ವ್ಯಾಪಾರಿಯಂತೆ ಜಮಾ ಖರ್ಚು ಬರೆದು ನೋಡಿದರೆ, ಕನ್ವರ್ಟರಿನ ಹಿಂದಿನ ಭಾಗವನ್ನು ಮಾತ್ರ ಬದಲಾಯಿಸಿದಾಗ ಹೆಚ್ಚುವ ಅಶ್ವಶಕ್ತಿ ಅತ್ಯಲ್ಪ. ನಿಜವಾಗಿ ಕೊಂಡದ್ದು ಸದ್ದನ್ನು. ಅದರಲ್ಲಿ ತಪ್ಪೇನೂ ಇಲ್ಲ. ವರ್ಷಗಟ್ಟಲೆ ದುಡಿದು, ಚಿಕ್ಕಂದಿನ ಆಸೆಯೊಂದನ್ನು ನಡುವಯಸ್ಸಿನಲ್ಲಿ ತೀರಿಸಿಕೊಂಡವನ ಸಂತೋಷವನ್ನು ಹಳಿಯುವುದು ನ್ಯಾಯವಲ್ಲ. ಆದರೆ ಖರ್ಚಿನ ಪುಟದಲ್ಲಿ ಅಂಗಡಿಗೆ ತೆತ್ತ ಹಣವಷ್ಟೇ ಇದ್ದರೆ ಲೆಕ್ಕ ಪೂರ್ಣವಾಗುವುದಿಲ್ಲ. ತಗ್ಗಿನ ಸ್ವರದ ಗುಡುಗು ಗೋಡೆಗಳನ್ನು ಸುಲಭವಾಗಿ ಹಾಯುತ್ತದೆ. ಎಚ್ಚರಗೊಂಡ ಕೂಸು, ರಾತ್ರಿಯ ಪಾಳಿ ಮುಗಿಸಿ ಬೆಳಗ್ಗೆ ಮಲಗಿದ ದಾದಿ, ನಿದ್ರೆಗಾಗಿ ಹೆಣಗುವ ವೃದ್ಧ, ಇವರೂ ಬೆಲೆಯ ಒಂದು ಪಾಲನ್ನು ತೆರುತ್ತಾರೆ. ಅವರನ್ನು ಯಾರೂ ಕೇಳಿಲ್ಲ, ಅವರು ಒಪ್ಪಿಯೂ ಇಲ್ಲ. ರಸ್ತೆಯ ಸದ್ದು ರಾತ್ರಿಯ ಸರಾಸರಿಯಲ್ಲಿ 45 ಡೆಸಿಬೆಲ್‌ಗಿಂತ ಕೆಳಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಯುರೋಪಿನ ದೇಶಗಳಿಗೆ ಸಲಹೆಯಿತ್ತದ್ದು ಜನರ ನಿದ್ರೆ ಮತ್ತು ಆರೋಗ್ಯಗಳ ಹಿತಕ್ಕಾಗಿಯೇ.

ಡೆಸಿಬೆಲ್ಲಿನ ಲೆಕ್ಕ ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಹತ್ತು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಕಿವಿಗೆ ಅದು ಸುಮಾರು ಎರಡು ಪಟ್ಟಾಗಿ ಕೇಳಿಸುತ್ತದೆ. ಆದುದರಿಂದ "ಸ್ವಲ್ಪ ಹೆಚ್ಚು" ಎಂಬ ಮಾತು ಇಲ್ಲಿ ಬಡ್ಡಿಗೆ ಬಡ್ಡಿ ಸೇರಿದ ಸಾಲದಂತೆ ಮೋಸಗೊಳಿಸುತ್ತದೆ.

ಈ ಗುಣಾಕಾರವು ಒಬ್ಬ ಎಂಜಿನಿಯರರ ಮನೆಯ ಮುಂದೆಯೇ ಪಾಠವಾದ ಪ್ರಸಂಗವನ್ನು ಫೋರ್ಡ್ ಸಂಸ್ಥೆ 2017ರಲ್ಲಿ ತಾನೇ ಪ್ರಕಟಿಸಿತು. ಡೆಟ್ರಾಯಿಟ್ ನಗರದ ಹೊರವಲಯದಲ್ಲಿ ವಾಸಿಸುತ್ತಿದ್ದ, ಸಂಸ್ಥೆಯ ಹಿರಿಯ ಅಧಿಕಾರಿಯೊಬ್ಬರು ತಮ್ಮ ಮನೆಯಂಗಳದಲ್ಲಿ ಶೆಲ್ಬಿ ಜಿಟಿ 350 ಮಸ್ಟಾಂಗಿನ ಎಂಜಿನನ್ನು ಗರ್ಜಿಸಿದಾಗ ನೆರೆಯವರು ಪೊಲೀಸರನ್ನು ಕರೆದರು. ಅವರು ನೆರೆಯವರ ಮೇಲೆ ಕೋಪಗೊಳ್ಳುವ ಬದಲು, ಜನರಿಗೆ ಕಿರುಕುಳವಾಗದಂತೆ ಮಾಡುವ ಉಪಾಯವೇನೆಂದು ತಮ್ಮ ತಂಡದೊಡನೆ ಯೋಚಿಸಿದರು. ಅದರ ಫಲವಾಗಿ 2018ರ ಮಸ್ಟಾಂಗ್ ಜಿಟಿಯಲ್ಲಿ, ಕಾರ್ಖಾನೆಯಿಂದಲೇ ಕವಾಟವುಳ್ಳ ಕೊಳವೆಯನ್ನು ಬಯಸಿ ಕೊಂಡವರಿಗೆ, ಮೆಲ್ಲಗೆ ಚಾಲೂ ಆಗುವ ಅನುಕೂಲವೂ ದೊರೆಯಿತು. ರಾತ್ರಿ 8ರಿಂದ ಬೆಳಗ್ಗೆ 7ರವರೆಗೆ ಎಂಬಂತೆ ಮೌನದ ವೇಳೆಯನ್ನು ಒಡೆಯನೇ ಮೊದಲೇ ಗೊತ್ತುಪಡಿಸಬಹುದು. ಆಗ ಸದ್ದು ಸುಮಾರು 10 ಡೆಸಿಬೆಲ್ ಇಳಿದು 72ಕ್ಕೆ ಬರುತ್ತದೆಂದು ಸಂಸ್ಥೆ ಹೇಳಿತು. ತಂಡದೊಳಗೆ ಅದಕ್ಕೆ ಮೊದಲು ಇಟ್ಟಿದ್ದ ಹೆಸರು "ಒಳ್ಳೆಯ ನೆರೆಯವನ ವಿಧಾನ" ಎಂಬರ್ಥದ್ದು.

ಹಾಗೆಂದು ಕವಾಟವಿದ್ದ ಮಾತ್ರಕ್ಕೆ ಸೌಜನ್ಯ ಬಂದಂತಾಗದು. ಇಪ್ಪತ್ತನೆಯ ಶತಮಾನದ ಆರಂಭದ ಕಾರುಗಳಲ್ಲೂ, ಕಾಲಿನಿಂದ ಒತ್ತಿದರೆ ಹೊಗೆಯು ಸೈಲೆನ್ಸರನ್ನು ತಪ್ಪಿಸಿ ನೇರವಾಗಿ ಹೊರಬೀಳುವ ಸಾಧನವಿತ್ತು. ಜನರು ಬೇಸತ್ತು, ಅಮೆರಿಕೆಯ ಹಲವು ನಗರಗಳು ಅದನ್ನು ನಿಷೇಧಿಸಿದವು. ಕ್ಯಾಲಿಫೋರ್ನಿಯಾದ ಕಾನೂನು ಇಂದಿಗೂ ಸೈಲೆನ್ಸರನ್ನು ತಪ್ಪಿಸುವ ಅಡ್ಡದಾರಿಯನ್ನು ಒಪ್ಪುವುದಿಲ್ಲ. ಸಾಮಾನ್ಯ ಕಾರುಗಳಿಗೆ ಜೋಡಿಸುವ ಹೊಸ ಕೊಳವೆಯ ಸದ್ದು ಗೊತ್ತಾದ ಪರೀಕ್ಷೆಯಲ್ಲಿ 95 ಡೆಸಿಬೆಲ್ ಮೀರಬಾರದೆನ್ನುತ್ತದೆ. ನ್ಯೂಯಾರ್ಕ್ ರಾಜ್ಯವು 2021ರ ಕಾಯಿದೆಯಿಂದ ಅಕ್ರಮ ಸೈಲೆನ್ಸರಿನ ಗರಿಷ್ಠ ದಂಡವನ್ನು 1000 ಡಾಲರಿಗೆ ಏರಿಸಿತು. ಕವಾಟ ತೆರೆದಾಗಲೂ ಮಿತಿಯೊಳಗೆ ಉಳಿಯುವ ಕೊಳವೆಯನ್ನೇ ಆರಿಸಬೇಕು. ಮುಚ್ಚಿದಾಗ ಮಾತ್ರ ಸಭ್ಯವಾಗಿರುವುದನ್ನಲ್ಲ.

ಮುಚ್ಚಿದಾಗ ಮಾತ್ರ ಸಭ್ಯ ಎಂಬುದು ವ್ಯಾಪಾರದ ಭಾಷೆಯಲ್ಲಿ ಎರಡು ತೂಕದ ಕಲ್ಲುಗಳನ್ನು ಇಟ್ಟುಕೊಂಡಂತೆ: ಅಧಿಕಾರಿ ಬಂದಾಗ ಒಂದು, ಗಿರಾಕಿ ಬಂದಾಗ ಇನ್ನೊಂದು. ಕಾರು ತಯಾರಿಸುವವರಿಗೂ ಈ ಆಮಿಷ ಬಾರದಿರಲಿಲ್ಲ. ಪರೀಕ್ಷೆಯ ವೇಗದಲ್ಲಿ ಕವಾಟ ಮುಚ್ಚಿರುವಂತೆಯೂ ರಸ್ತೆಯಲ್ಲಿ ಬೇಗನೆ ತೆರೆದುಕೊಳ್ಳುವಂತೆಯೂ ಏರ್ಪಡಿಸುವುದು ಸಾಧ್ಯವಿತ್ತು. ಯುರೋಪಿಯನ್ ಒಕ್ಕೂಟವು 2014ರಲ್ಲಿ ರೂಪಿಸಿ 2016ರ ಜುಲೈ 1ರಿಂದ ಜಾರಿಗೆ ತಂದ ನಿಯಮವು, ಪರೀಕ್ಷೆಯ ಸ್ಥಿತಿಗಳ ಹೊರಗೂ ಸದ್ದನ್ನು ಅಳೆಯುವ ಹೆಚ್ಚಿನ ಕಟ್ಟಳೆಗಳನ್ನು ವಿಧಿಸಿತು. ಕೇವಲ ಪರೀಕ್ಷೆಯನ್ನು ದಾಟಲು ಇಟ್ಟ, ನಿತ್ಯದ ಓಡಾಟದಲ್ಲಿ ಕೆಲಸ ಮಾಡದ ಯಾವ ಉಪಾಯವೂ ಸಲ್ಲದೆಂದೂ ಸಾರಿತು. ಕಲ್ಲು ಒಂದೇ ಇರಬೇಕೆಂಬುದು ಅದರ ತಾತ್ಪರ್ಯ.

ಕವಾಟವಿಲ್ಲದ ಗದ್ದಲದ ಕಾರಿನ ಒಡೆಯನು "ನನ್ನ ಯಂತ್ರದ ಸ್ವಭಾವವೇ ಹೀಗೆ" ಎಂದು ಹೇಳಿಕೊಳ್ಳಬಹುದು. ಕವಾಟವನ್ನು ಕೊಂಡವನಿಗೆ ಆ ಮಾತು ಉಳಿಯುವುದಿಲ್ಲ. ಮುಚ್ಚುವ ಗುಂಡಿಗೆ ಹಣ ಕೊಟ್ಟಾಗಲೇ, ತನ್ನ ಸದ್ದು ಬೇರೆಯವರಿಗೆ ನೋವಾಗಬಹುದೆಂಬುದನ್ನು ಅವನು ಒಪ್ಪಿದಂತಾಯಿತು. ಅಂದಿನಿಂದ ಆ ಗರ್ಜನೆ ಯಂತ್ರದ ಗುಣವಲ್ಲ, ಅವನ ಕೃತಿ. ಮಧ್ಯರಾತ್ರಿ ನಿದ್ರಿಸುವ ಬೀದಿಯಲ್ಲಿ ಕವಾಟವನ್ನು ತೆರೆದವನು ತಿಳಿದೇ ತೆರೆದಿರುತ್ತಾನೆ. ಅಂತೆಯೇ ಯಾರೂ ನೋಡದ ಹೊತ್ತಿನಲ್ಲಿ, ಯಾವ ಪೊಲೀಸನ ಭಯವೂ ಇಲ್ಲದೆ, ಅದನ್ನು ಮುಚ್ಚಿಕೊಂಡು ಮೆಲ್ಲಗೆ ಮನೆ ಸೇರಿದವನೂ ತಿಳಿದೇ ಮುಚ್ಚಿರುತ್ತಾನೆ. ಗರ್ಜನೆಗೆ ಸ್ಪರ್ಧೆಯ ಮೈದಾನಗಳಿವೆ, ಅಲ್ಲಿ ಕೇಳಲೆಂದೇ ಬಂದ ಜನರಿದ್ದಾರೆ. ಬೀದಿಯಲ್ಲಿ ಮಲಗಿರುವವರು ಕೇಳಲು ಬಂದವರಲ್ಲ. ಅವರಿಗೆ ಸಲ್ಲಬೇಕಾದುದನ್ನು ಕೊಡಲು ಹಣ ಬೇಕಿಲ್ಲ, ವಿದ್ಯೆ ಬೇಕಿಲ್ಲ. ಗುಂಡಿಯ ಮೇಲಿನ ಬೆರಳು ಒಂದು ಕ್ಷಣ ತಡೆದು ನಿಂತರೆ ಸಾಕು.