ನಲವತ್ತು ಸೂಜಿಗಳ ಕೊಂಡಿ

ತಾಳವಾಡಿಯ ನಮ್ಮ ಮನೆಯ ಅಟ್ಟದಲ್ಲಿ ಕೆಟ್ಟುಹೋದ ಗಣಕಯಂತ್ರವೊಂದು ಬಹುಕಾಲದಿಂದ ಧೂಳು ಹಿಡಿದು ಕುಳಿತಿತ್ತು. ಅದರ ಹಾರ್ಡ್ ಡಿಸ್ಕಿನಲ್ಲಿ ಅಜ್ಜಿ ಹಾಡಿದ ಮಾದಪ್ಪನ ಹಾಡುಗಳಿದ್ದವು; ಧ್ವನಿಮುದ್ರಿಸಿ ತುಂಬಿಸಿಟ್ಟವರು ಅಪ್ಪ. ಅಜ್ಜಿ ಈಗಿಲ್ಲ. ಜನಪದ ಸಾಹಿತ್ಯದ ಕಿರುಪ್ರಬಂಧಕ್ಕೆ ಆ ಹಾಡುಗಳನ್ನೇ ಆರಿಸಿಕೊಂಡಾಗ, ಅವುಗಳನ್ನು ಹೊರತೆಗೆಯುವುದೇ ಕಷ್ಟವಾದೀತೆಂದು ನಾನು ಎಣಿಸಿರಲಿಲ್ಲ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮ ಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಜಿಲ್ಲಾಕೇಂದ್ರವಾದ ಈರೋಡಿಗೆ ಹೋಗಲು ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಆದ್ದರಿಂದ ಕೊಳ್ಳುವುದೇನಿದ್ದರೂ ನಮಗೆ ಚಾಮರಾಜನಗರವೇ ಹತ್ತಿರ. ಅಲ್ಲಿಂದ ತಂದ ಮೊದಲ ಪೆಟ್ಟಿಗೆ ಡಿಸ್ಕಿಗೆ ಹೊಂದಲೇ ಇಲ್ಲ. ಅದು ಸಾಟಾ ಡಿಸ್ಕಿಗಾಗಿ ಮಾಡಿದ್ದು: ದತ್ತಾಂಶಕ್ಕೆ 7, ವಿದ್ಯುತ್ತಿಗೆ 15 ತೆಳುಪಟ್ಟಿಗಳು. ನಮ್ಮದೋ ಐಡಿಇ ಕಾಲದ್ದು. ಎರಡು ಸಾಲುಗಳಲ್ಲಿ ಸೂಜಿಗಳಿಗೆ 40 ಸ್ಥಾನ. ನಡುವಿನ ಒಂದು ಸ್ಥಾನ ಮಾತ್ರ ಖಾಲಿ. ಸೂಜಿ ಮುರಿದಿದೆಯೆಂದು ನಾನು ಬೆದರಿದ್ದುಂಟು. ಪಟ್ಟಿಯನ್ನು ತಲೆಕೆಳಗಾಗಿ ಸೇರಿಸದಿರಲೆಂದೇ ಅದನ್ನು ಬಿಟ್ಟಿರುತ್ತಾರೆಂಬುದು ಆಮೇಲೆ ತಿಳಿಯಿತು.

ಎರಡನೆಯ ಬಾರಿ ಐಡಿಇಯಿಂದ ಯುಎಸ್‌ಬಿಗೆ ಬದಲಿಸುವ ಕೊಂಡಿ ತಂದೆ. ಸೇರಿಸಿದೆ, ಡಿಸ್ಕು ಮಿಸುಕಲಿಲ್ಲ. ಹಾಡುಗಳು ಹೋದವೆಂದೇ ಆ ರಾತ್ರಿ ನಂಬಿದ್ದೆ. ದೋಷವಿದ್ದುದು ಡಿಸ್ಕಿನಲ್ಲಲ್ಲ. ಮೂರೂವರೆ ಅಂಗುಲದ ಡಿಸ್ಕಿನ ಮೋಟಾರಿಗೆ 12 ವೋಲ್ಟ್ ಬೇಕು; ಯುಎಸ್‌ಬಿ ರಂಧ್ರ ಕೊಡುವುದು 5 ಮಾತ್ರ. ಗೋಡೆಯಿಂದಲೇ ವಿದ್ಯುತ್ ಪಡೆಯುವ ಅಡಾಪ್ಟರ್ ಇರುವ ಕೊಂಡಿಯೇ ಆಗಬೇಕಿತ್ತು. ಅದಕ್ಕಾಗಿ ಮತ್ತೊಂದು ಪ್ರಯಾಣ.

ಈ ಸಲ ಅಂಗಡಿಯವರು ಯುಎಸ್‌ಬಿ 3.0 ಕೊಂಡಿಯನ್ನೇ ಕೊಳ್ಳಿರೆಂದು ಒತ್ತಾಯಿಸಿದರು. ಸೆಕೆಂಡಿಗೆ 5 ಗಿಗಾಬಿಟ್ ಸಾಗಿಸಬಲ್ಲ ದಾರಿ ಅದು, 2.0 ಸಾಗಿಸುವುದು 480 ಮೆಗಾಬಿಟ್. ಆದರೆ ಮುದಿ ಎತ್ತಿಗೆ ಹೆದ್ದಾರಿ ಹಾಸಿದರೆ ಅದು ಕುದುರೆಯಾದೀತೇ? ಹಳೆಯ ಡಿಸ್ಕು ತನ್ನ ನಡಿಗೆಯಲ್ಲಿಯೇ ನಡೆಯುವುದು. ಅಗ್ಗದ್ದನ್ನೇ ಕೊಂಡೆ; ಆ ವಿಷಯದಲ್ಲಿ ನನಗೆ ಪಶ್ಚಾತ್ತಾಪವಿಲ್ಲ.

ಡಿಸ್ಕಿನ ಬೆನ್ನಿಗಿದ್ದ ಪುಟ್ಟ ಜಂಪರನ್ನು ಮಾಸ್ಟರ್ ಸ್ಥಾನಕ್ಕೆ ಸರಿಸಿದೆ. ಗುಂಯ್ಯೆಂದು ಸದ್ದಾಯಿತು. 19 ಕಡತಗಳು ತೆರೆಯ ಮೇಲೆ ಮೂಡಿದವು. ನಕಲಿಸಿಕೊಳ್ಳುವುದನ್ನೂ ಮರೆತು ಮೊದಲನೆಯದನ್ನು ಕೇಳುತ್ತ ಕುಳಿತುಬಿಟ್ಟೆ. ಹಾಡಿನ ನಡುವೆ ಅಜ್ಜಿ ಕೋಳಿಯನ್ನು ಗದರುತ್ತಾಳೆ, ಮತ್ತೆ ಅದೇ ಸೊಲ್ಲಿಗೆ ಮರಳುತ್ತಾಳೆ. ಅರ್ಧಗಂಟೆಯ ತರುವಾಯ ಡಿಸ್ಕಿನೊಳಗಿಂದ ಟಕ್ ಟಕ್ ಸದ್ದು ಕೇಳತೊಡಗಿತು. ಆಗ ಎಚ್ಚೆತ್ತು ಅವಸರದಿಂದ ನಕಲಿಸತೊಡಗಿದೆ. 17 ಬಂದವು. ಉಳಿದೆರಡರಲ್ಲಿ ಒಂದಕ್ಕೆ ಅಪ್ಪ ಇಟ್ಟಿದ್ದ ಹೆಸರು 'ಬೀಸೋ ಪದ'. ಅದರ ಎರಡು ಸಾಲು ಅಪ್ಪನಿಗೆ ನೆನಪಿದೆ, ಅವನ್ನು ಬರೆದುಕೊಂಡಿದ್ದೇನೆ.